ಕಡಲ ತಳದ ತಂತಿ, ತೌಡಿಗೆ ಕೊಂಡ ಮಗ

ಆ ಫೋನ್ ಬಂದಾಗ ನಾನು ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ಬೆರಳೆಲ್ಲ ಅಂಟು. ಕಿರುಬೆರಳೊಂದು ಮಾತ್ರ ಸ್ವಚ್ಛವಾಗಿತ್ತು, ಅದರಿಂದಲೇ ಸ್ಪೀಕರ್ ಒತ್ತಿದೆ. ನಂಬರು ಉದ್ದವಾಗಿತ್ತು, ನಮ್ಮ ದೇಶದ್ದಲ್ಲ. ಒಬ್ಬ ಹೆಂಗಸು ನಿಧಾನವಾದ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳಿದಳು, ಯಾವುದೋ ಇಲಾಖೆಯ ಹೆಸರು ಹೇಳಿದಳು, ಇನ್ವೆಸ್ಟಿಗೇಷನ್ ಎಂಬ ಪದವನ್ನು ಎರಡು ಸಲ ಹೇಳಿದಳು. ಆಮೇಲೆ ನಮ್ಮ ಹುಡುಗನ ಪೂರ್ತಿ ಹೆಸರನ್ನು ತೊದಲುತ್ತ ಓದಿ, "ನೀವು ಅವನ ತಾಯಿಯೇ?" ಎಂದು ಕೇಳಿದಳು.

ಅದಕ್ಕೆ ಹದಿನೈದು ದಿನದ ಹಿಂದೆ ನಮ್ಮ ಬೀದಿಯ ರಿಟೈರ್ಡ್ ಹೆಡ್‌ಮಾಸ್ಟರರು ಡಿಜಿಟಲ್ ಅರೆಸ್ಟ್ ಎಂಬ ಮೋಸಕ್ಕೆ ಸಿಕ್ಕಿ, ಎರಡು ದಿನ ಫೋನಿನ ಕ್ಯಾಮೆರಾ ಮುಂದೆ ಸ್ನಾನವಿಲ್ಲದೆ ಕೂತಿದ್ದರು. ಅದಾದ ಮೇಲೆ ಬ್ಯಾಂಕಿನವರು ಒಂದು ಇಂಗ್ಲಿಷ್ ನೋಟೀಸು ಹಂಚಿದ್ದರು. ತಮಿಳುನಾಡಿನ ಚಿನ್ನಮನೂರಿನ ನಮ್ಮ ಬೀದಿಯಲ್ಲಿ ಕಾನ್ವೆಂಟ್ ಓದಿದ ಮುದುಕಿ ನಾನೊಬ್ಬಳೇ ಆದ್ದರಿಂದ ಅದನ್ನು ಎಲ್ಲರಿಗೂ ಓದಿ ಅರ್ಥ ಹೇಳಿದವಳೂ ನಾನೇ. ಗುರುತಿಲ್ಲದ ನಂಬರಿನವರು ನಿಮ್ಮ ಮಗ ಸಿಕ್ಕಿಬಿದ್ದಿದ್ದಾನೆ ಎನ್ನುತ್ತಾರೆ, ಹೆದರಬೇಡಿ, ಮನೆಯವರ ವಿಷಯ ಹೇಳಬೇಡಿ, ಕಟ್ ಮಾಡಿ. ಹೀಗೆಲ್ಲ ಪಾಠ ಮಾಡಿದ್ದೆ. ಈಗ ನನ್ನ ಪರೀಕ್ಷೆ ಬಂತು ಅಂದುಕೊಂಡೆ.

ಕೊಡೈಕಾನಲ್ಲಿನ ಬೋರ್ಡಿಂಗ್ ಸ್ಕೂಲಿನಲ್ಲಿ ನಮಗೆ ಎಲೊಕ್ಯೂಷನ್ ಕಲಿಸಿದ ಸಿಸ್ಟರ್ ಕೇಳಿದ್ದರೆ ಮೆಚ್ಚುತ್ತಿದ್ದರು. ಒಂದೊಂದು ಅಕ್ಷರವನ್ನೂ ಬಿಡಿಸಿ, ಇಂಗ್ಲಿಷಿನಲ್ಲಿ ಹೇಳಿದೆ: "ನನಗೆ ಮಗ ಇಲ್ಲ. ನನಗೆ ಮಕ್ಕಳೇ ಆಗಲಿಲ್ಲ. ನೀವು ಬೇರೆ ಯಾವುದಾದರೂ ಮರ್ಯಾದೆಯ ಕೆಲಸ ಹುಡುಕಿಕೊಳ್ಳಿ." ಅಷ್ಟು ಹೇಳಿ ಕಟ್ ಮಾಡಿದೆ. ಮತ್ತೆರಡು ಸಲ ರಿಂಗಾಯಿತು. ಆ ನಂಬರನ್ನು ಬ್ಲಾಕ್ ಮಾಡುವುದೂ ನನಗೆ ಗೊತ್ತಿತ್ತು, ಮಾಡಿದೆ.

ಒಳಗಿನಿಂದ ಕಾಫಿ ತಂದ ತಂಗಿಗೆ ನಗುತ್ತಲೇ ಎಲ್ಲ ಹೇಳಿದೆ. ಅವಳು ನಗಲಿಲ್ಲ. ಲೋಟವನ್ನು ನನ್ನ ಕೈಗೆ ಕೊಡದೆ ಹಾಗೇ ಹಿಡಿದುಕೊಂಡು ನಿಂತಳು.

"ಏನಂದೆ ಅಕ್ಕಾ?"

"ಕಳ್ಳಿ ಅವಳು. ಮಗ ಇಲ್ಲೆ ಅಂದೆ."

"ನೀನಾ ಅಂದೆ? ನಿನ್ನ ಬಾಯಾಗಾ?"

ಆಗ ನನಗೆ ಹೊಳೆಯಿತು. ಕಾಫಿ ಬೇಡವಾಯಿತು.

ನಮ್ಮ ಮನೆಯ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ನನಗಿಂತ ಹನ್ನೆರಡು ವರ್ಷ ಚಿಕ್ಕವಳಾದ ಈ ತಂಗಿಗೆ ಮೊದಲು ಹುಟ್ಟಿದ ಎರಡು ಮಕ್ಕಳೂ ತಿಂಗಳು ತುಂಬುವ ಮೊದಲೇ ಹೋದವು. ಮೂರನೆಯವನು ಹುಟ್ಟಿದಾಗ ನಮ್ಮ ಅವ್ವ ಯಾರ ಮಾತೂ ಕೇಳಲಿಲ್ಲ. ಹನ್ನೊಂದನೇ ದಿನ ಕೂಸನ್ನು ಮೊರದಲ್ಲಿಟ್ಟು ದನದ ಕೊಟ್ಟಿಗೆಯ ಪಕ್ಕ, ಗೊಬ್ಬರದ ಗುಂಡಿಯ ಅಂಚಿನಲ್ಲಿ ಮಲಗಿಸಿದಳು. ನಾನು ದಾರಿಹೋಕಳ ಹಾಗೆ ಆ ಕಡೆ ಬರಬೇಕು, "ಇದು ಯಾರ ಕೂಸು?" ಅಂತ ಕೇಳಬೇಕು. "ಯಾರದ್ದೋ, ಬೇಕಾದ್ರೆ ತಗೋ" ಅಂತ ಅವ್ವ ಮುಖ ತಿರುಗಿಸಬೇಕು. ನಾನು ಮೂರು ಪಡಿ ತೌಡು ಸುರಿದು ಮೊರ ಎತ್ತಿಕೊಂಡು ಹೋಗಬೇಕು. ಹಾಗೇ ಮಾಡಿದೆವು. ದನ ತಿನ್ನುವ ತೌಡಿಗೆ ಮಾರಿಹೋದ ಕೂಸಿನ ಮೇಲೆ ಯಮನಿಗೂ ಆಸೆ ಹುಟ್ಟುವುದಿಲ್ಲವಂತೆ.

ಮದುವೆಯಾದ ನಾಲ್ಕೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು, ಬೆಂಗಳೂರಿನ ಒಂದು ಕಾನ್ವೆಂಟಿನಲ್ಲಿ ಹನ್ನೆರಡು ವರ್ಷ ಟೀಚರಾಗಿದ್ದು, ಅಲ್ಲಿ ಕನ್ನಡ ಅಕ್ಷರ ಕಲಿತು, ಆಗಷ್ಟೇ ಊರಿಗೆ ವಾಪಸ್ಸು ಬಂದಿದ್ದೆ. ಇಂಥದ್ದಕ್ಕೆಲ್ಲ ನನ್ನನ್ನು ಯಾಕೆ ಎಳೆಯುತ್ತೀ ಎಂದು ಅವ್ವನ ಹತ್ತಿರ ವಾದ ಮಾಡಿದ್ದೆ. ಮಕ್ಕಳಿಲ್ಲದ ವಿಧವೆಯ ಕೈಗೆ ಯಾರು ಕೂಸು ಕೊಡುತ್ತಾರೆ?

"ಅದಕ್ಕೇ ನಿನ್ನ ಕೈಗೆ ಕೊಡೋದು," ಅಂದಳು ಅವ್ವ. "ನಿನ್ನ ಹತ್ರ ತಗೊಂಡು ಹೋಗಾಕೆ ಇನ್ನು ಏನೂ ಇಲ್ಲೆ ಅಂತ ಆ ಯಮನಿಗೆ ಗೊತ್ತು. ನಿನ್ನ ಮನೆ ಕಡೆ ತಿರುಗಿ ನೋಡಲ್ಲ."

ಅಂಥ ಮಾತನ್ನು ಹೆತ್ತ ತಾಯಿ ಹೇಳಬಹುದೇ ಎಂದು ಅವತ್ತು ಅತ್ತಿದ್ದೆ. ಆದರೆ ಕೂಸು ಬದುಕಿತು. ನನ್ನನ್ನು ಅವ್ವ ಅಂತಲೂ ಹೆತ್ತವಳನ್ನು ಚಿಕ್ಕವ್ವ ಅಂತಲೂ ಕರೆಯುತ್ತ, ಅಕ್ಕಪಕ್ಕದ ಎರಡು ಮನೆಗಳಲ್ಲಿ ಎರಡೆರಡು ಊಟ ಮಾಡುತ್ತ ಬೆಳೆಯಿತು. ಇದಕ್ಕೆ ನಿಯಮ ಒಂದೇ. ಮದುವೆಗೆ ಮೊದಲು ಹೆತ್ತವಳು ಅವನನ್ನು ತಿರುಗಿ ಕೊಳ್ಳಬೇಕು. ಅಲ್ಲಿಯವರೆಗೆ ಯಾರು ಕೇಳಿದರೂ ಕೊಂಡವಳು ನನ್ನ ಮಗ ಅಂತಲೇ ಹೇಳಬೇಕು, ಇಲ್ಲ ಎನ್ನಬಾರದು. ಇಲ್ಲ ಎಂದರೆ ಏನಾಗುತ್ತದೆ ಎಂದು ಅವ್ವ ಯಾವತ್ತೂ ಬಾಯಿಬಿಟ್ಟು ಹೇಳಲಿಲ್ಲ. ಇಪ್ಪತ್ತೊಂಬತ್ತು ವರ್ಷ ನಾನು ಇಲ್ಲ ಎಂದಿರಲಿಲ್ಲ. ಸ್ಕೂಲಿನಲ್ಲಿ, ರೇಷನ್ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ಎಲ್ಲ ಕಡೆ ನನ್ನ ಮಗ ಅಂದಿದ್ದೆ.

ಮರುದಿನ ಬೆಳಿಗ್ಗೆ ಅವನ ಹಡಗಿನ ಕಂಪನಿಯ ಚೆನ್ನೈ ಆಫೀಸಿನಿಂದ ಒಬ್ಬರು ತಂಗಿಯ ನಂಬರಿಗೆ ಫೋನ್ ಮಾಡಿದರು, ಅವಳು ಅದನ್ನು ನನ್ನ ಕೈಗೆ ಕೊಟ್ಟಳು. ನಮ್ಮ ಕಣಿವೆಯಲ್ಲಿ ಯಾರೂ ಹಡಗು ಹತ್ತಿದವರಲ್ಲ. ಮುಲ್ಲೈಪೆರಿಯಾರ್ ನೀರು ಬೆಟ್ಟ ಕೊರೆದ ಸುರಂಗದಲ್ಲಿ ಬಂದು ನಮ್ಮ ಗದ್ದೆ ಸೇರುತ್ತದೆ, ನಮಗೆ ಗೊತ್ತಿರುವ ದೊಡ್ಡ ನೀರು ಅದೇ. ಇವನೊಬ್ಬ ಮೆರೈನ್ ಕೋರ್ಸ್ ಓದಿ, ಸರಕಿನ ಹಡಗಿನಲ್ಲಿ ಥರ್ಡ್ ಆಫೀಸರ್ ಆಗಿ ಉತ್ತರದ ತಣ್ಣನೆಯ ಸಮುದ್ರಗಳಲ್ಲಿ ತಿರುಗುತ್ತಿದ್ದ.

ಚೆನ್ನೈಯವರು ಹೇಳಿದ್ದಿಷ್ಟು. ಹಡಗನ್ನು ಅಲ್ಲಿಯ ಒಂದು ಬಂದರಿನಲ್ಲಿ ತಡೆದು ನಿಲ್ಲಿಸಿದ್ದಾರೆ. ಸಾಗುತ್ತಿರುವಾಗಲೇ ಹಡಗಿನ ಲಂಗರು ಕೆಳಗಿಳಿದು, ಸಮುದ್ರದ ತಳವನ್ನು ಗೀರಿಕೊಂಡು ಬಹಳ ದೂರ ಹೋಗಿದೆ. ದಾರಿಯಲ್ಲಿ ಎರಡು ದೇಶಗಳ ನಡುವೆ ಕರೆಂಟ್ ಒಯ್ಯುವ ಕೇಬಲ್ ಇತ್ತು, ಅದು ತುಂಡಾಗಿದೆ. ಲಂಗರು ತಾನಾಗಿ ಜಾರಿತೋ, ಬೇಕೆಂದೇ ಯಾರಾದರೂ ಇಳಿಸಿದರೋ? ಈಗ ಆ ಕಡೆ ಇಂಥದ್ದನ್ನೆಲ್ಲ ಸಬೊಟಾಜ್ ಎಂದೇ ಮೊದಲು ಅನುಮಾನಿಸುತ್ತಾರೆ. ಹಡಗಿನವರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಕೇಳುತ್ತಿದ್ದಾರೆ.

"ಲೋವರ್ ಕ್ಯಾಂಪ್ ಪವರ್‌ಹೌಸಿನ ಕರೆಂಟ್ ನಮಗೆ ಕಂಬದ ಮೇಲೆ ಬತ್ತದೆ, ಅವ್ರದ್ದು ನೀರಿನಡಿ ಹೋಗ್ತದೆ, ಅಷ್ಟೆ," ಎಂದು ತಂಗಿಯ ಗಂಡ ಅವಳಿಗೆ ಬಿಡಿಸಿ ಹೇಳಿದ.

"ಇವನ್ಯಾಕೆ ಅದನ್ನ ಕತ್ತರಿಸ್ತಾನೆ? ಮನೇಲಿ ಒಂದು ಬಲ್ಬು ಹಾಕಾಕೆ ಗೊತ್ತಿಲ್ಲೆ ಅವನಿಗೆ," ಅಂದಳು ತಂಗಿ.

ಚೆನ್ನೈಯವರ ಮಾತು ಮುಗಿದಿರಲಿಲ್ಲ. ಅವತ್ತು ಬೆಳಿಗ್ಗೆ ಹಡಗಿನ ಮೂತಿಯ ಕಡೆಗೆ ಹೋಗಿ ಲಂಗರಿನ ಬಿಗಿ ನೋಡಿಕೊಂಡು ಬಂದವನು ಇವನೇ. ಲಂಗರು ಇಳಿದ ಹೊತ್ತಿಗೆ ಎಲ್ಲಿದ್ದೆ ಎಂದು ಕೇಳಿದ್ದಕ್ಕೆ, ಡ್ಯೂಟಿ ಮುಗಿಸಿ ಕ್ಯಾಬಿನ್ನಿನಲ್ಲಿ ಮಲಗಿ ಅಮ್ಮನ ಜೊತೆ ಫೋನಿನಲ್ಲಿದ್ದೆ ಎಂದಿದ್ದಾನೆ. ಕರೆ ಹೋದ ಗುರುತು ಫೋನಿನಲ್ಲಿ ಇದೆ. ಆದರೆ ಅವನ ದಾಖಲೆಯಲ್ಲಿ ತಾಯಿಯ ಹೆಸರು ಬೇರೆ, ಆ ನಂಬರಿನವರ ಹೆಸರು ಬೇರೆ. ಹಾಗಾಗಿ ತನಿಖೆಯ ಅಧಿಕಾರಿ ತಾವೇ ಫೋನ್ ಮಾಡಿ ಕೇಳಿದ್ದಾರೆ.

"ಆ ಲೇಡಿ ತನಗೆ ಮಗನೇ ಇಲ್ಲ ಎಂದುಬಿಟ್ಟರಂತೆ ಮೇಡಂ," ಎಂದರು ಚೆನ್ನೈಯವರು. "ಈಗ ಅವನ ಬಾಕಿ ಮಾತನ್ನೂ ನಂಬುತ್ತಿಲ್ಲ. ಆ ಲೇಡಿ ಯಾರು ಅಂತ ನಿಮಗೇನಾದರೂ ಗೊತ್ತಾ?"

"ಗೊತ್ತು," ಅಂದೆ. "ನಾನೇ."



ಇನ್ನೊಂದು ತೊಡಕೂ ಇತ್ತು. ಅವನ ಫೋನಿನಲ್ಲಿದ್ದ ವಾಯ್ಸ್ ಮೆಸೇಜುಗಳನ್ನು ಅವರು ಒಬ್ಬ ತಮಿಳು ದುಭಾಷಿಗೆ ಕೇಳಿಸಿದರಂತೆ. ಆತ ಇದು ತಮಿಳಲ್ಲ, ಕನ್ನಡವಿರಬೇಕು ಎಂದನಂತೆ. ಕನ್ನಡದವರನ್ನು ಹುಡುಕಿ ಕೇಳಿಸಿದರೆ, ಅಲ್ಲೊಂದು ಇಲ್ಲೊಂದು ಮಾತು ನಮ್ಮದು, ಮಿಕ್ಕದ್ದು ತಮಿಳಿರಬೇಕು ಎಂದರಂತೆ. ಸಂಕೇತದ ಭಾಷೆಯೇನೋ ಎಂಬ ಗುಮಾನಿಯೂ ಹುಟ್ಟಿತ್ತು. ನಾನೂರು ಐನೂರು ವರ್ಷದಿಂದ ಈ ಕಣಿವೆಯಲ್ಲಿ ನಾವು ಆಡಿಕೊಂಡು ಬಂದ ಕನ್ನಡದ ಮನೆಮಾತಿಗೆ ಇಂಥ ಗೌರವ ಮೊದಲ ಸಲ ಸಿಕ್ಕಿತು ಎಂದು ಈಗ ನಗಬಹುದು. ಅವತ್ತು ನಗು ಬರಲಿಲ್ಲ.

ದಿಂಡಿಗಲ್ಲಿನ ಒಬ್ಬ ವಕೀಲರ ಆಫೀಸಿನಲ್ಲಿ ನನ್ನ ಸ್ಟೇಟ್‌ಮೆಂಟ್ ತೆಗೆದುಕೊಳ್ಳುವುದೆಂದು ನಿಶ್ಚಯವಾಯಿತು. ಮೊದಲು ಬರವಣಿಗೆಯಲ್ಲಿ ಒಂದು ಅಫಿಡವಿಟ್, ಆಮೇಲೆ ವಿಡಿಯೋದಲ್ಲಿ ಆ ಅಧಿಕಾರಿಯ ಜೊತೆ ಮಾತು. ಅಲ್ಲಿಯವರೆಗೆ ಮೂರು ದಿನ ತಂಗಿ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅನ್ನ ಬಡಿಸಿ ತಟ್ಟೆಯನ್ನು ನನ್ನ ಕಡೆ ತಳ್ಳಿ ಎದ್ದುಹೋಗುತ್ತಿದ್ದಳು. ಅವಳಿಗೆ ಗೊತ್ತಿಲ್ಲದ ಇನ್ನೊಂದು ವಿಷಯ ನನ್ನ ಹೊಟ್ಟೆಯಲ್ಲಿತ್ತು. ದಿಂಡಿಗಲ್ಲಿನಲ್ಲಿ ಅದನ್ನು ಅವಳ ಎದುರಿಗೇ ಹೇಳಬೇಕಾಗಬಹುದು ಎಂದು ನನಗೆ ಆಗಲೇ ಅನ್ನಿಸಿತ್ತು.

ತಂಗಿಯ ಗಂಡ ಕಾರು ಓಡಿಸಿದ. ಥೇಣಿ, ಪೆರಿಯಕುಳಂ ದಾಟಿ ವತ್ತಲಗುಂಡಿನ ಕಡೆ ಹೋದೆವು. ಎಡಗಡೆ ಕೊಡೈ ಬೆಟ್ಟ ಕಂಡಿತು. ಆ ಬೆಟ್ಟದ ಮೇಲೆ ಹತ್ತು ವರ್ಷ ನನಗೆ ಸತ್ಯ ಹೇಳುವುದನ್ನು ಕಲಿಸಿದ್ದರು. ಕೇಳಿದ ಪ್ರಶ್ನೆಗೆ ಕೇಳಿದಷ್ಟೇ ಉತ್ತರ, ನೇರ ಉತ್ತರ. ಮಕ್ಕಳಿವೆಯೇ ಎಂದರೆ ಇಲ್ಲ. ಹೆತ್ತದ್ದೇ ಲೆಕ್ಕವಾದರೆ ನಾನು ಫೋನಿನಲ್ಲಿ ಹೇಳಿದ್ದು ಸತ್ಯ. ಆ ಸತ್ಯ ಒಬ್ಬ ಹುಡುಗನನ್ನು ಬೇರೆ ದೇಶದ ಪೊಲೀಸರ ಮುಂದೆ ಸುಳ್ಳುಗಾರನನ್ನಾಗಿ ನಿಲ್ಲಿಸಿತ್ತು.

ವಕೀಲರು ಕನ್ನಡಕವನ್ನು ಹಣೆಗೇರಿಸಿಕೊಂಡು ಓಡಾಡುವ ಮನುಷ್ಯ. ಅಫಿಡವಿಟ್ಟನ್ನು ಆಗಲೇ ಟೈಪ್ ಮಾಡಿಸಿಟ್ಟಿದ್ದರು. ರಿಲೇಷನ್‌ಶಿಪ್ ಎಂಬಲ್ಲಿ ತಾಯಿಯ ಅಕ್ಕ ಎಂದಿತ್ತು.

"ಇದು ಬೇಡ," ಅಂದೆ. "ಇದಕ್ಕೆ ಸೈನ್ ಮಾಡಿದರೆ ಅವನು ಅಮ್ಮ ಅಂದದ್ದು ಸುಳ್ಳಾಗುತ್ತದೆ."

"ಹಾಗಾದರೆ ತಾಯಿ ಅಂತ ಹಾಕಲಾ?"

"ಅದು ನಾನು ಹೇಳುವ ಸುಳ್ಳಾಗುತ್ತದೆ."

"ಅಮ್ಮಾ, ಎರಡರಲ್ಲಿ ಒಂದು ಹೇಳಿ," ಎಂದರು ಅವರು ತಮಿಳಿನಲ್ಲಿ. "ಫಾರ್ಮಿನಲ್ಲಿ ಇರುವುದು ಒಂದೇ ಗೆರೆ."

ಆವರೆಗೆ ಮೂಲೆಯ ಕುರ್ಚಿಯಲ್ಲಿ ಕೂತಿದ್ದ ತಂಗಿ ಮೂರು ದಿನದಲ್ಲಿ ಮೊದಲ ಸಲ ನನ್ನ ಪರವಾಗಿ ಬಾಯಿ ಬಿಟ್ಟಳು. ನಮ್ಮ ಮಾತಿನಲ್ಲೇ, "ಕೊಂಡವಳು ಅಂತ ಬರೆಸಕ್ಕಾ. ನಾನು ಮಾರಿದೆ, ನೀನು ಕೊಂಡೆ. ಅದರಾಗೆ ನಾಚಿಕೆ ಏನೈತೆ?" ಅಂದಳು. ಅಷ್ಟು ಸಾಲದೆ ಅದನ್ನೇ ತಮಿಳಿನಲ್ಲಿ ವಕೀಲರಿಗೂ ಹೇಳಿದಳು.

ವಕೀಲರ ಕನ್ನಡಕ ಹಣೆಯಿಂದ ಮೂಗಿಗೆ ಜಾರಿತು. "ಮಗು ಮಾರಿದಿರಾ? ದಯವಿಟ್ಟು ಅದನ್ನು ಈ ಕಾಗದದ ಹತ್ತಿರ ತರಬೇಡಿ. ಅದು ಬೇರೆ ಸೆಕ್ಷನ್. ಹಡಗಿನ ಕೇಸಿಗೆ ಬಂದವರು ಇಲ್ಲೇ ಒಳಗೆ ಹೋಗುತ್ತೀರಿ."

ಎಷ್ಟಕ್ಕೆ ಮಾರಿದ್ದು ಎಂದು ತಂಗಿಯ ಗಂಡ ವಿವರಿಸಿದ. ವಕೀಲರು ಸ್ವಲ್ಪ ಯೋಚಿಸಿದರು. ಅವರ ಅಮ್ಮನ ಊರಿನಲ್ಲೂ ಹೀಗೆ ತೌಡಿಗೆ ಮಾರಿದ ಒಬ್ಬ ಮಾಮ ಇದ್ದರಂತೆ. ಕೊನೆಗೆ ಇಂಗ್ಲಿಷಿನಲ್ಲಿ 'ಜನ್ಮದಿಂದ ತಾಯಿಯ ಅಕ್ಕ, ಕುಟುಂಬದ ಪದ್ಧತಿಯಿಂದ ತಾಯಿ' ಎಂದು ಬರೆಸಿದರು. ಒಂದೇ ಗೆರೆಯಲ್ಲಿ ಹಿಡಿಸಲಿಲ್ಲ, ಅಕ್ಷರ ಚಿಕ್ಕದು ಮಾಡಿಸಿದರು. ಸೈನ್ ಮಾಡಿದೆ.

ವಿಡಿಯೋದಲ್ಲಿ ಕಂಡ ಹೆಂಗಸಿಗೆ ನಲವತ್ತರ ಮೇಲಾಗಿತ್ತು. ಬೂದು ಸ್ವೆಟರು, ಗಿಡ್ಡ ಕೂದಲು. ಪಕ್ಕದಲ್ಲಿ ಬರೆದುಕೊಳ್ಳುತ್ತ ಒಬ್ಬ ಗಂಡಸು. ಮರ್ಯಾದೆಯ ಕೆಲಸ ಹುಡುಕಿಕೋ ಎಂದದ್ದಕ್ಕೆ ನಾನು ಮೊದಲು ಕ್ಷಮೆ ಕೇಳಿದೆ.

"ಇದಕ್ಕಿಂತ ಕೆಟ್ಟದಾಗಿ ಬೈಸಿಕೊಂಡಿದ್ದೇನೆ," ಅಂದಳು. "ಇಷ್ಟು ಒಳ್ಳೆಯ ಇಂಗ್ಲಿಷಿನಲ್ಲಿ ಮಾತ್ರ ಯಾರೂ ಬೈದಿರಲಿಲ್ಲ."

ಮೊದಲು ಅವನ ಒಂದು ವಾಯ್ಸ್ ಮೆಸೇಜ್ ಹಾಕಿ ಅರ್ಥ ಕೇಳಿದಳು. ಕರಿ ಹಸು ಈಯಿತಾ, ಗಂಡೋ ಹೆಣ್ಣೋ, ಹೆಣ್ಣಾದರೆ ಮಾರಬೇಡಿ, ಇಷ್ಟೇ ಅದರಲ್ಲಿತ್ತು. ಹಾಗೇ ಹೇಳಿದೆ. ಇನ್ನೊಂದು ಹಾಕಿದಳು. ಅಡುಗೆಯವನು ಸಾಂಬಾರಿಗೆ ಸಕ್ಕರೆ ಹಾಕುತ್ತಾನೆ ಎಂಬ ದೂರು. ಮೂರನೆಯದನ್ನು ಹಾಕಲಿಲ್ಲ.

ಆಮೇಲೆ ತೌಡಿನ ಕಥೆ. ಬ್ರ್ಯಾನ್ ಅಂದೆ. ಅದು ದನದ ಮೇವಲ್ಲವೇ ಎಂದು ಕೇಳಿದಳು. ಹೌದು, ಕೂಸು ಅಗ್ಗದ್ದಾಗಿ ಕಾಣಬೇಕು, ಅದೇ ಉದ್ದೇಶ ಎಂದೆ. ಬರೆದುಕೊಳ್ಳುತ್ತಿದ್ದ ಗಂಡಸು ಪೆನ್ನು ನಿಲ್ಲಿಸಿ ಅವಳ ಮುಖ ನೋಡಿದ. ಅವಳು ಬರೆಯಿರಿ ಎಂಬಂತೆ ತಲೆಯಾಡಿಸಿದಳು.

"ಹಾಗಾದರೆ ಅವನು ನಿಮ್ಮನ್ನು ತಾಯಿ ಎಂದದ್ದು ನಿಮ್ಮ ಲೆಕ್ಕದಲ್ಲಿ ನಿಜ. ಮತ್ತೆ ನೀವು ಯಾಕೆ ಮಗ ಇಲ್ಲ ಎಂದಿರಿ?"

"ಮೋಸದ ಫೋನು ಅಂದುಕೊಂಡೆ."

"ಮೋಸ ಎಂದುಕೊಂಡವರು ಫೋನ್ ಇಡುತ್ತಾರೆ. ನೀವು ಒಂದು ವಾಕ್ಯ ಪೂರ್ತಿ ಮಾಡಿ ಇಟ್ಟಿರಿ."

ಅವಳು ತನ್ನ ಕೆಲಸ ಬಲ್ಲವಳು. ಹಿಂದೆ ಕೂತಿದ್ದ ತಂಗಿಗೆ ಇಂಗ್ಲಿಷ್ ಬಾರದು ಎಂಬ ಧೈರ್ಯದಿಂದ ಹೇಳಿಬಿಡಬಹುದಿತ್ತು. ಆದರೆ ತಂಗಿಯ ಗಂಡ ಪ್ರತಿ ಮಾತನ್ನೂ ಅವಳ ಕಿವಿಯಲ್ಲಿ ಹೇಳುತ್ತಿದ್ದ. ಅವನಿಗೆ ಬೇಡ ಅಂತ ಹೇಳಲೂ ಆಗಲಿಲ್ಲ, ಅವಳ ಮಗನ ವಿಷಯ ಅದು.

"ಆ ಮಾತು ಎರಡು ದಿನದ ಮೊದಲೇ ನನ್ನ ಬಾಯಲ್ಲಿ ಸಿದ್ಧವಾಗಿತ್ತು," ಅಂದೆ. "ಅವನ ಹತ್ತಿರವೇ ಅದನ್ನು ಹೇಳಿದ್ದೆ. ಆ ಫೋನಿನಲ್ಲೇ."

"ಫೋನಿನಲ್ಲಿ ಏನೇನು ಮಾತಾಡಿದಿರಿ, ಮೊದಲಿನಿಂದ ಹೇಳಿ."

ಹೇಳಿದೆ. ನಮ್ಮಲ್ಲಿ ಸಾಯಂಕಾಲ ನಾಲ್ಕಕ್ಕೆ ಹತ್ತಿರ, ಅವರಲ್ಲಿ ಮಧ್ಯಾಹ್ನ ಊಟ ಮುಗಿದ ಹೊತ್ತು. ಬೋಡಿಯ ಏಲಕ್ಕಿ ವ್ಯಾಪಾರದವರ ಮನೆಯ ಹುಡುಗಿಯನ್ನು ಅವನಿಗೆ ನೋಡಿ ಆಗಿತ್ತು. ಮದುವೆಗೆ ಮೊದಲು ಅವನನ್ನು ತಿರುಗಿ ಕೊಡುವ ಶಾಸ್ತ್ರ ಆಗಬೇಕು. ಅದಕ್ಕೆ ದಿನ ಹೇಳಬೇಕಾದವಳು ನಾನು. ಆರು ತಿಂಗಳಿಂದ ನಾನು ದಿನ ಹೇಳುತ್ತಲೇ ಇರಲಿಲ್ಲ. ಈ ತಿಂಗಳು ಒಳ್ಳೆಯದಲ್ಲ, ಮುಂದಿನ ತಿಂಗಳು ಅವನ ನಕ್ಷತ್ರಕ್ಕೆ ಆಗುವುದಿಲ್ಲ ಎಂದು ಪಂಚಾಂಗದ ನೆಪ ಹೇಳುತ್ತ ಬಂದಿದ್ದೆ. ಅವನ ರಜೆ ಕೂಡಿಬರುತ್ತಿಲ್ಲ ಎಂದು ತಂಗಿ ನಂಬಿದ್ದಳು. ಅವತ್ತು ಫೋನಿನಲ್ಲಿ ಅವನು ಬಿಡಲಿಲ್ಲ. "ಅವ್ವಾ, ಪಂಚಾಂಗ ಬಿಡು. ನಿನ್ನ ಮನಸಾಗೆ ಏನೈತೆ ಅದ ಹೇಳು," ಅಂದ. ಆಗ ನನ್ನ ಬಾಯಿಂದ ಬಂತು: "ತಿರುಗಿ ಕೊಟ್ಟ ಮ್ಯಾಲೆ ನನಗ್ಯಾರೈತೆ? ನಾಳೆ ಯಾರಾದ್ರೂ ಕೇಳಿದ್ರೆ ಮಗ ಇಲ್ಲೆ, ಮಕ್ಕಳೇ ಆಗ್ಲಿಲ್ಲೆ ಅಂತೀನಿ. ಅದೇ ತಾನೆ ನಿಜ?"

ನನ್ನ ಹಿಂದೆ ಪಿಸುಮಾತು ನಿಂತಿತು. ನಾನು ತಿರುಗಿ ನೋಡಲಿಲ್ಲ.

"ಅದಕ್ಕೆ ಅವನು ಏನೆಂದ?"

"ನಕ್ಕ. ನಾನೇನು ಎಮ್ಮೆಯಾ, ಸಂತೇಲಿ ಕೈ ಬದಲಾಗಾಕೆ ಅಂದ. ನನಗೆ ಸಿಟ್ಟು ಬಂತು."

"ಮಾತಿನ ನಡುವೆ ನೀವು ಯಾವಾಗಲಾದರೂ ಫೋನ್ ಬಿಟ್ಟು ಎದ್ದು ಹೋದಿರಾ?"

ಅವಳು ಅದನ್ನು ಉಳಿದ ಪ್ರಶ್ನೆಗಳ ಹಾಗೆಯೇ ಕೇಳಿದಳು. ಆದರೆ ಪಕ್ಕದವನು ಮುಂದಿನ ಹಾಳೆ ತಿರುವಿ ಅದರ ಮೇಲೆ ಬೆರಳಿಟ್ಟದ್ದು ಕಂಡಿತು.

ನಾನು ಕಣ್ಣು ಮುಚ್ಚಿಕೊಂಡೆ. ಅವತ್ತು ನಮ್ಮಲ್ಲಿ ತಿಂಗಳಿಗೊಮ್ಮೆಯ ಮೇಂಟೆನೆನ್ಸ್ ಶಟ್‌ಡೌನ್, ಬೆಳಿಗ್ಗೆಯಿಂದ ಕರೆಂಟ್ ಇರಲಿಲ್ಲ. ತಂಗಿ ಬೆಳಿಗ್ಗೆ ನಮ್ಮ ಮನೆಯ ಗ್ರೈಂಡರಿನಲ್ಲಿ ಇಡ್ಲಿಗೆ ರುಬ್ಬಲು ಹಾಕಿ, ನಡುವೆ ಕರೆಂಟ್ ಹೋದಾಗ ಸ್ವಿಚ್ ಆರಿಸದೆ ಹಿಟ್ಟನ್ನು ತೋಡಿಕೊಂಡು ಹೋಗಿದ್ದಳು. ನಾವು ಜಗಳವಾಡುತ್ತಿರುವಾಗ ಕರೆಂಟ್ ಬಂತು. ಖಾಲಿ ಗ್ರೈಂಡರು ಗಡಗಡ ಎಂದು ತಾನೇ ತಿರುಗತೊಡಗಿತು. ಫೋನನ್ನು ಜಗಲಿಯ ಮೇಲೆ ಬಿಟ್ಟು ಓಡಿದೆ. ಗಾಬರಿಯಲ್ಲಿ ಮೊದಲು ಫ್ಯಾನಿನ ಸ್ವಿಚ್ ಆರಿಸಿದೆ. ಬಂದು ನೋಡಿದರೆ ಅವನಿನ್ನೂ ಲೈನಿನಲ್ಲಿದ್ದ. ಅದೇನು ಸದ್ದು ಎಂದು ಕೇಳಿದ. ನಿನ್ನ ಚಿಕ್ಕವ್ವನ ಕಾರುಬಾರು ಅಂದೆ.

"ಅದಾದ ಮೇಲೆ?"

"ಐದು ನಿಮಿಷವೂ ಆಗಿರಲಿಲ್ಲ. ಅವನ ಕಡೆಯೇ ಒಂದು ಸದ್ದು ಕೇಳಿತು. ದೂರದಲ್ಲಿ ತಗಡಿನ ಡ್ರಮ್ಮಿನೊಳಗೆ ಕಲ್ಲು ಉರುಳಿಸಿದ ಹಾಗೆ, ನಿಲ್ಲದೆ. ನಿನ್ನಲ್ಲೂ ಗ್ರೈಂಡರಾ ಅಂತ ಕೇಳಿದೆ. ಅವನು ನಗಲಿಲ್ಲ. ಇರವ್ವಾ, ಅಪ್ಪುರ, ಆಮ್ಯಾಲೆ ಮಾಡ್ತೀನಿ ಅಂದ. ಕಟ್ಟಾಯಿತು. ಸಿಟ್ಟಿಗೆ ಮತ್ತೆ ಮಾಡಲಿಲ್ಲ ಅಂದುಕೊಂಡೆ."

ಅವಳು ಪಕ್ಕದವನ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡು ಓದಿದಳು. ಮತ್ತೊಮ್ಮೆ ಓದಿದಳು. 

"ಅವನು ಏನು ಹೇಳಿದ್ದಾನೆ ಎಂದು ನಾನು ನಿಮಗೆ ಹೇಳುವ ಹಾಗಿಲ್ಲ," ಅಂದಳು. "ಆದರೆ ನೀವು ಈಗ ಸ್ವಲ್ಪ ನೀರು ಕುಡಿಯಬಹುದು."

ಅವನು ಹೇಳಿದ್ದಕ್ಕೂ ನಾನು ಹೇಳಿದ್ದಕ್ಕೂ ತಾಳೆಯಾಗಿದೆ ಎಂಬ ಅದರ ಅರ್ಥ ನನಗೆ ಒಂದು ಕ್ಷಣ ತಡವಾಗಿ ತಿಳಿಯಿತು. ತಂಗಿಗೆ ಇಂಗ್ಲಿಷ್ ಬಾರದಿದ್ದರೂ ನನಗಿಂತ ಮೊದಲೇ ತಿಳಿಯಿತು. ವಕೀಲರ ಮೇಜಿನ ಮೇಲಿದ್ದ ಬಾಟಲಿಯ ಮುಚ್ಚಳ ತಿರುವಿ ನನ್ನ ಕೈಗೆ ಕೊಟ್ಟವಳು ಅವಳೇ.

ವಾಪಸ್ಸು ಬರುವಾಗ ಅವಳು ಕಾರಿನಲ್ಲಿ ನನ್ನ ಪಕ್ಕ ಕೂತಳು. ವತ್ತಲಗುಂಡಿನಲ್ಲಿ ಕಾಫಿಗೆ ನಿಲ್ಲಿಸುವವರೆಗೆ ಕಾದು ಆಮೇಲೆ ಶುರು ಮಾಡಿದಳು.

"ಆರು ತಿಂಗಳ ಪಂಚಾಂಗ ಎಲ್ಲಾ ಸುಳ್ಳಾ?"

"ಎಲ್ಲಾ ಅಲ್ಲ. ಆಡಿ ತಿಂಗಳಾಗೆ ಶುಭಕಾರ್ಯ ನಿಜವಾಗಿಯೂ ಆಗಲ್ಲ."

"ಕಾನ್ವೆಂಟಾಗೆ ಇದನ್ನೂ ಕಲಿಸಿದ್ರಾ? ನಾನು ಪಾಪ ಅಂತ, ಆ ಕಂಪನಿಯವರನ್ನ ಎಷ್ಟು ಬೈದೆ, ರಜ ಕೊಡಲ್ಲ ಅಂತ." ಕಾಫಿಯನ್ನು ಎತ್ತಿ ಎತ್ತಿ ಆರಿಸಿದಳು. "ಇಪ್ಪತ್ತೊಂಬತ್ತು ವರ್ಷ ನನ್ನನ್ನ ಅವನು ಚಿಕ್ಕವ್ವ ಅಂದಾನೆ. ನಾನು ಒಂದಿನ ಕೇಳಿದ್ನಾ ನಿನ್ನ? ನೀನು ಆರು ತಿಂಗಳು ತಡ ಮಾಡಿದ್ರೆ ಮಾಡು, ನನ್ನ ಹತ್ರ ಬಂದು ಕೊಡಾಕೆ ಮನಸಿಲ್ಲೆ ಅನ್ನು. ಅದು ಬಿಟ್ಟು ಶನಿಯ ಮ್ಯಾಲೆ, ರಾಹುವಿನ ಮ್ಯಾಲೆ ಹಾಕ್ತೀಯ."

ತಂಗಿಯ ಗಂಡ ಇನ್ನೊಂದು ಬಜ್ಜಿ ಬೇಕಾ ಎಂದು ಕೇಳಿದ. ಇಬ್ಬರೂ ಬೇಕು ಅಂದೆವು. ಅವತ್ತಿಗೆ ಸರಿಯಾಗಿ ಊಟ ಮಾಡಿ ನಾಲ್ಕು ದಿನವಾಗಿತ್ತು.

ಎಂಟು ದಿನ ಬಿಟ್ಟು ಅವನ ವಾಯ್ಸ್ ಮೆಸೇಜ್ ಬಂತು. ಎರಡೇ ಮಾತು, "ಅವ್ವಾ, ಬಿಟ್ರು." ಇಬ್ಬರೂ ಅದನ್ನು ಎಷ್ಟು ಸಲ ಹಾಕಿ ಕೇಳಿದೆವೆಂದರೆ ಪಕ್ಕದ ಮನೆಯ ಗಿಳಿ ಸಾಕಿದವರು ತಮ್ಮ ಗಿಳಿ ಅದನ್ನು ಕಲಿಯುತ್ತದೆ ಎಂದು ತಮಾಷೆ ಮಾಡಿದರು. ಅವನ ಮೇಲೆ ಏನೂ ಇಲ್ಲವೆಂದು ಬರೆದುಕೊಟ್ಟು, ಪಾಸ್‌ಪೋರ್ಟ್ ಕೈಗೆ ಕೊಟ್ಟು ಕಳಿಸಿದ್ದರು. ಹಡಗು ಮಾತ್ರ ಅಲ್ಲೇ ನಿಂತಿತ್ತು. ಲಂಗರಿನ ಬ್ರೇಕ್ ಸವೆದಿತ್ತೋ, ಯಾರಾದರೂ ಸಡಿಲಿಸಿದರೋ, ಸಡಿಲಿಸಿದ್ದರೆ ಯಾರು ಹೇಳಿ ಮಾಡಿಸಿದರೋ, ತನಿಖೆ ನಡೆದೇ ಇದೆ. ಇವತ್ತಿಗೂ ನಮಗೆ ತಿಳಿದಿಲ್ಲ. ಪೇಪರಿನಲ್ಲಿ ಸಮುದ್ರದ ತಳದ ಕೇಬಲ್ ಎಂಬ ಸುದ್ದಿ ಎಲ್ಲಿ ಬಂದರೂ ನಾನು ಓದುತ್ತೇನೆ. ಸುದ್ದಿಯಲ್ಲಿ ಹಡಗಿನ ಹೆಸರು, ದೇಶದ ಹೆಸರು ಇರುತ್ತದೆ. ಲಂಗರಿನ ಸದ್ದು ಕೇಳಿ ಎದ್ದು ಓಡಿದ ಹುಡುಗರ ವಿಷಯ ಇರುವುದಿಲ್ಲ.

ಚೆನ್ನೈವರೆಗೆ ವಿಮಾನ, ಅಲ್ಲಿಂದ ರೈಲು. ದಿಂಡಿಗಲ್ ಸ್ಟೇಷನ್ನಿಗೆ ಬೆಳಿಗ್ಗೆ ಮೂವರೂ ಹೋದೆವು. ರೈಲ್ವೆಯವರು ಹೇಳಿದ್ದಕ್ಕಿಂತ ಒಂದು ಗಂಟೆ ಮೊದಲೇ ತಂಗಿ ಪ್ಲಾಟ್‌ಫಾರ್ಮಿನಲ್ಲಿ ನಿಂತಳು. ರೈಲು ಬಂದಾಗ ನಾನು ಬೇಕೆಂದೇ ಎರಡು ಹೆಜ್ಜೆ ಹಿಂದೆ ಸರಿದೆ. ಅವನು ಮೊದಲು ಅವಳ ಹತ್ತಿರ ಹೋಗಲಿ ಅಂತ. ಗಡ್ಡ ಬಿಟ್ಟು ಸಣಕಲಾಗಿದ್ದ. ಬಾಗಿಲಲ್ಲೇ ನಿಂತು ನಮ್ಮನ್ನು ಹುಡುಕಿದ. ತಂಗಿ ಕೈ ಎತ್ತಿದಳು. ಅವನು ಬಂದು ಅವಳ ಹೆಗಲ ಮೇಲೆ ತಲೆಯಿಟ್ಟ. ಅವಳು ಅಳುವುದನ್ನು ಬಿಟ್ಟು, "ಮೈಗೆ ಎಣ್ಣೆ ಕಂಡು ಎಷ್ಟು ದಿನ ಆತು?" ಅಂದಳು. ಅದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ ಎಂದು ಹೆದರಿದ್ದೆ. ಏನೂ ಆಗಲಿಲ್ಲ. ಹಾಯಾಗಿತ್ತು.

ಆಮೇಲೆ ಅವನು ತಲೆಯೆತ್ತಿ ನನ್ನನ್ನು ನೋಡಿದ. "ನಿಮಗೆ ಮಗ ಇಲ್ಲೆ ಅಂತ ಕೇಳ್ಪಟ್ಟೆ," ಅಂದ.

"ಮರ್ಯಾದೆಯ ಕೆಲಸ ಹುಡುಕ್ಕೋ ಅಂತಲೂ ಅಂದಿದ್ದೆ, ಅದು ನಿನಗೂ ಸೇರಿಸಿ," ಅಂದೆ. 

ಕಾರಿನಲ್ಲಿ ಅವನು ಹಿಂದಿನ ಸೀಟಿನಲ್ಲಿ ನಮ್ಮಿಬ್ಬರ ನಡುವೆ ಕೂತ. ದೇವದಾನಪಟ್ಟಿ ದಾಟುವ ಮೊದಲು, ಯಾರೂ ಕೇಳದಿದ್ದರೂ, ನಾನೇ ಹೇಳಿದೆ. ತೈ ತಿಂಗಳಲ್ಲಿ, ಸಂಕ್ರಾಂತಿ ಕಳೆದು, ಎರಡನೇ ವಾರ ಆಗಬಹುದು, ಶಾಸ್ತ್ರಕ್ಕೆ ಹೇಳಿಕಳಿಸಿ ಎಂದು.

"ಪಂಚಾಂಗ ನೋಡಿದ್ಯಾ?" ಅಂದಳು ತಂಗಿ.

"ನೋಡಿಲ್ಲ."

"ಹಂಗಾದ್ರೆ ಶರಿ."

ಯಾವ ದಿನ, ಯಾರು ಬರಬೇಕು ಎಂದು ತಂಗಿಯೂ ಅವಳ ಗಂಡನೂ ಮಾತು ಮುಂದುವರಿಸಿದರು. ಮದುಮಗ ಅದನ್ನು ಕೇಳಿಸಿಕೊಳ್ಳಲೇ ಇಲ್ಲ, ನಿದ್ದೆ ಹೋಗಿದ್ದ. ಆರಡಿ ಉದ್ದದವನು ಕೂತಲ್ಲೇ ಜಾರಿ ಜಾರಿ, ತಲೆ ತಂಗಿಯ ತೊಡೆಯ ಮೇಲೆ, ಮಡಚಿದ ಕಾಲು ನನ್ನ ತೊಡೆಯ ಮೇಲೆ ಬಂತು. ಶೂ ಬಿಚ್ಚಿರಲಿಲ್ಲ. ಥೇಣಿಯ ಬಸ್‌ಸ್ಟ್ಯಾಂಡಿನ ಹಾರ್ನುಗಳಿಗೂ ಎಚ್ಚರವಾಗಲಿಲ್ಲ. ವೀರಪಾಂಡಿಯ ಹತ್ತಿರ ಬರುವಾಗ ನನ್ನ ಕಾಲು ಜೋಮು ಹಿಡಿಯಿತು. ಇಳಿಸಿ ಕೂರಿಸು ಅಕ್ಕಾ, ಅಂದಳು ತಂಗಿ. ಬೇಡ, ಭಾರವಾಗಿರಲಿ ಅಂದೆ. ಮನೆ ಬರುವವರೆಗೆ ಹಾಗೇ ಕೂತಿದ್ದೆ.